ಅವ್ವ ಪ್ರಯೋಗ ಮಾಡಿದಳು

ಭಾಲ್ಕಿಯ ಆ ವಾಡೆಯಲ್ಲಿ ನಮಗಿದ್ದವು ಎರಡೇ ಖೋಲಿ. ಹೊರಗಿನದರಲ್ಲಿ ಅಪ್ಪನ ಕಂಡಕ್ಟರ್ ಅಂಗಿ ತೂಗುಹಾಕುವ ಗೂಟ, ಒಂದು ಕಬ್ಬಿಣದ ಮಂಚ, ಗೋಡೆಯ ಮೇಲೆ ಬುದ್ಧನ ಫೋಟೋ. ಒಳಗಿನದರಲ್ಲಿ ಅಡುಗೆ, ನಿದ್ದೆ, ನನ್ನ ಓದು, ಮಳೆ ಬಂದರೆ ಬಟ್ಟೆ ಒಣಗಿಸುವುದು, ಎಲ್ಲವೂ. ನಮ್ಮ ಬಾಗಿಲ ಮುಂದೆ ಅಂಗಳ, ಅಂಗಳದ ಆಚೆ ಮನೆಯ ಮಾಲಕಿ ಕಾಶಿಬಾಯಿ, ಆಕೆಯ ಮಗ, ಸೊಸೆ ಮಂಗಲಾ, ನನ್ನದೇ ತರಗತಿಯಲ್ಲಿದ್ದ ಮೊಮ್ಮಗಳು ಪಲ್ಲವಿ. ಕಾಶಿಬಾಯಿಯನ್ನು ನಾವೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ನಳ ಬಂದಾಗ ಮೊದಲ ಕೊಡ ಅವರದು, ಆಮೇಲೆ ನಮ್ಮದು. ನಮ್ಮ ಮನೆಯಲ್ಲಿ ದೇವರ ಜಗಲಿ ಇಲ್ಲವೆಂಬುದು ಆಕೆಗೆ ಮೊದಲಿನಿಂದಲೂ ಒಂದು ಮುಳ್ಳು. ದೇವರಿಲ್ಲದ ಮನೆಯಲ್ಲಿ ಸಂಜೆ ದೀಪ ಯಾರಿಗೆ ಹಚ್ಚುತ್ತೀರಿ ಎಂದು ಕೇಳಿದ್ದಳು. ಕತ್ತಲಾಗುತ್ತದಲ್ಲ, ನಮಗೇ ಹಚ್ಚಿಕೊಳ್ಳುತ್ತೇವೆ ಎಂದು ಅವ್ವ ಹೇಳಿದಳು. ಇಂಥ ಉತ್ತರ ಕೊಟ್ಟವಳು ಅದೇ ಮನೆಯಲ್ಲಿ ಆರು ವರ್ಷ ಬಾಡಿಗೆಗೆ ಇದ್ದಳೆಂದರೆ ಆಯಿಯ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನಿಮಗೆ ಆಕೆಯ ಮೇಲೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು.

ಅವ್ವ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ನನ್ನ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಆ ಕೆಲಸ ಸುಲಭಕ್ಕೆ ಸಿಕ್ಕಿರಲಿಲ್ಲ. ಆಕೆಯ ಕೈಯ ಅಡುಗೆ ನಮ್ಮ ಮಕ್ಕಳು ಉಣ್ಣಬೇಕೇ ಎಂದು ಒಂದಿಬ್ಬರು ಗೊಣಗಿದ್ದರು, ಆಮೇಲೆ ಸಾರಿನ ರುಚಿ ನೋಡಿ ಸುಮ್ಮನಾಗಿದ್ದರು. ಮನೆಗೆ ಬಂದರೆ ಅವ್ವನ ಇನ್ನೊಂದು ಕೆಲಸ ನನ್ನ ಪಾಠ ಕೇಳುವುದು. ಅವಳು ರೊಟ್ಟಿ ಬಡಿಯಬೇಕು, ನಾನು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಬೇಕು. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಅಲ್ಲಲ್ಲಿ ಗೆರೆ ಹಾಕಿದ ಒಂದು ಚೌಕ ಇರುತ್ತಿತ್ತು. ಅದರ ಮೇಲೆ 'ಪ್ರಯೋಗ: ಮಾಡಿ ನೋಡು' ಎಂದು ಬರೆದಿರುತ್ತಿತ್ತು. ಗುರುಗಳು ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದರು, ನಾನೂ ಹಾರಿಸುತ್ತಿದ್ದೆ. ಒಂದು ಸಂಜೆ ಅವ್ವ ಪುಸ್ತಕದೊಳಗೆ ಇಣುಕಿದಳು.

"ಈ ಚೌಕಿನಾಗಿಂದು ಯಾಕ ಬಿಟ್ಟಿ?"

"ಅದು ಪರೀಕ್ಷಾಕ್ಕ ಬರಂಗಿಲ್ಲವ್ವ."

"ಪರೀಕ್ಷಾಕ್ಕ ಬರಂಗಿಲ್ಲಂದ್ರ ಸುಳ್ಳೇನು ಅದು? ಮಾಡಿ ನೋಡು ಅಂತ ಬರದಾರಂದ್ಮ್ಯಾಲ ಮಾಡಿ ನೋಡಬೇಕು."

ಅಲ್ಲಿಂದ ನಮ್ಮ ರವಿವಾರಗಳು ಬದಲಾದವು. ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಅವ್ವ ಬಾಗಿಲು ಮುಂದೆ ಮಾಡುತ್ತಿದ್ದಳು, ಯಾಕೆಂದರೆ ಅಂಗಳದ ಕೋಳಿಗಳು ಒಳಗೆ ಬಂದು ನಮ್ಮ ಸಾಮಾನಿಗೆ ಬಾಯಿ ಹಾಕುತ್ತಿದ್ದವು. ಲೋಟದ ತಳಕ್ಕೆ ಕಾಗದ ತುರುಕಿ ಬಕೆಟ್ಟಿನ ನೀರಿನಲ್ಲಿ ಬೋರಲು ಮುಳುಗಿಸಿದೆವು. ಕಾಗದ ಒಣಗಿಯೇ ಹೊರಗೆ ಬಂತು. ಅವ್ವ ಅದನ್ನು ಕೆನ್ನೆಗೆ ಒತ್ತಿ ನೋಡಿ, ಹುಡುಗಾಟಿಕೆ ಅಲ್ಲ ಇದು ಎಂದಳು. ಬಾಟಲಿಯಲ್ಲಿ ನಿಂಬೆರಸ ಹಾಕಿ, ಊದುವ ರಬ್ಬರ್ ಫುಗ್ಗಾದಲ್ಲಿ ಅಡುಗೆ ಸೋಡಾ ತುಂಬಿ, ಫುಗ್ಗಾವನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಎತ್ತಿದೆವು. ಮೊದಲ ಫುಗ್ಗಾ ತೂತಾಗಿತ್ತು, ಎರಡನೆಯದು ಬಸ್ಸ್ ಎಂದು ಉಬ್ಬಿ ನಿಂತಿತು. ಅರಿಷಿಣ ಹಚ್ಚಿದ ಕಾಗದದ ಮೇಲೆ ಸುಣ್ಣದ ತಿಳಿ ಹನಿಸಿದಾಗ ಕೆಂಪಾಯಿತು, ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ನಾನು ಕುಣಿದಾಡಿದೆ. ಅರಿಷಿಣ ಸುಣ್ಣ ಕೂಡಿದರೆ ಕೆಂಪಾಗುವುದು ಕೂಸಿಗೆ ದೃಷ್ಟಿ ತೆಗೆಯುವ ಎಲ್ಲ ಹೆಂಗಸರಿಗೂ ಗೊತ್ತು, ಅದು ಯಾಕೆ ಆಗುತ್ತದೆಂದು ಬರೆದಿದೆಯೋ ಇಲ್ಲವೋ ಅದನ್ನು ಓದು ಎಂದಳು ಅವ್ವ. ಬರೆದಿರಲಿಲ್ಲ. ನಾಳೆ ಗುರುಗಳನ್ನು ಕೇಳಿಕೊಂಡು ಬಾ ಎಂದಳು. ಕೇಳಿದೆ, ಬೈಸಿಕೊಂಡೆ. ಅವ್ವ ಬಿಡಲಿಲ್ಲ, ಬಿಸಿಯೂಟದ ಸೌಟು ಹಿಡಿದುಕೊಂಡೇ ಸ್ಟಾಫ್ ರೂಮಿನ ಬಾಗಿಲಿಗೆ ಹೋಗಿ ತಾನೇ ಕೇಳಿದಳು. ನನಗೆ ಆಗ ನಾಚಿಕೆಯಾಗಿ ಸತ್ತೇ ಹೋದೆ ಅನ್ನಿಸಿತ್ತು. ಈಗ ಬೀದರಿನಲ್ಲಿ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಮಗ ಲೋಟಗಳನ್ನು ಸಾಲಾಗಿಟ್ಟುಕೊಂಡು ಯಾಕ, ಯಾಕ ಎಂದು ತಲೆ ತಿನ್ನುವಾಗ ಆ ಗುರುಗಳ ಮೇಲೆ ನನಗೆ ಸ್ವಲ್ಪ ಕರುಣೆ ಬರುತ್ತದೆ.

ಎಡವಟ್ಟು ಆದದ್ದು ಒಂದು ಮಾತಿನಿಂದ. ಅವ್ವ ಮಗಳು ರವಿವಾರ ಬಾಗಿಲು ಮುಂದೆ ಮಾಡಿಕೊಂಡು ಏನು ಮಾಡುತ್ತೀರಿ ಎಂದು ಆಯಿ ಒಮ್ಮೆ ನನ್ನನ್ನು ಕೇಳಿದಳು. ಪುಸ್ತಕದ ಶಬ್ದ ನನಗೆ ಹೊಸದಾಗಿ ನಾಲಿಗೆಗೆ ಕುಳಿತಿತ್ತು. ಎದೆ ಉಬ್ಬಿಸಿ, ಅವ್ವ ಪ್ರಯೋಗ ಮಾಡ್ತಾಳರಿ ಎಂದೆ. ಆಯಿ ಹಸನು ಮಾಡುತ್ತಿದ್ದ ತೊಗರಿಯ ಮೊರವನ್ನು ಕೆಳಗಿಟ್ಟಳು. ಯಾರ ಮೇಲೆ ಎಂದು ಕೇಳಿದಳು. ನಿಂಬೆಹಣ್ಣಿನ ಮೇಲೆ, ಅರಿಷಿಣದ ಮೇಲೆ ಎಂದು ಹೇಳಿ ನಾನು ಆಟಕ್ಕೆ ಓಡಿದೆ. ನಮ್ಮ ಕಡೆ ಹಿರಿಯರ ಬಾಯಲ್ಲಿ ಪ್ರಯೋಗ ಎಂದರೆ ಒಂದೇ ಅರ್ಥ, ಮಾಟ. ಅದಕ್ಕೇ ಭಾನಾಮತಿ ಎಂದೂ ಹೇಳುತ್ತಾರೆ. ಯಾರದೋ ಎಮ್ಮೆ ಹಾಲು ಬತ್ತಿಸುವುದು, ಯಾರದೋ ಕೂಸಿಗೆ ಜ್ವರ ಬರಿಸುವುದು, ಬಸುರಿಯ ಹೊಟ್ಟೆ ಇಳಿಸುವುದು, ಎಲ್ಲ ಭಾನಾಮತಿಯ ಲೆಕ್ಕಕ್ಕೇ ಹೋಗುತ್ತಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ತಿಳಿದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇ ಎಂದರೆ, ಅದೂ ಅನುಮಾನವೇ.

ಮುಂದಿನ ಚೌಕದಲ್ಲಿದ್ದದ್ದು ನಿಂಬೆಹಣ್ಣಿನಿಂದ ವಿದ್ಯುತ್ತು. ಅಪ್ಪನದೊಂದು ಅಂಕಿ ಮೂಡುವ ಕೈಗಡಿಯಾರ ಸೆಲ್ ಸತ್ತು ಬಿದ್ದಿತ್ತು. ಎರಡು ನಿಂಬೆಹಣ್ಣು, ತಗಡಿಗೆ ಹೊಡೆಯುವ ಸತುವು ಹಚ್ಚಿದ ಮೊಳೆ ಎರಡು, ಸುಟ್ಟ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿ. ಹಣ್ಣಿಗೆ ಮೊಳೆಯನ್ನೂ ತಂತಿಯನ್ನೂ ಚುಚ್ಚಿ, ಒಂದಕ್ಕೊಂದು ಜೋಡಿಸಿ ಗಡಿಯಾರಕ್ಕೆ ಹಚ್ಚಿದೆವು. ಏನೂ ಆಗಲಿಲ್ಲ. ತಿರುವಿ ಹಚ್ಚಿದೆವು, ಆಗಲೂ ಇಲ್ಲ. ನನಗೆ ಅಳುವೇ ಬಂತು. ಅವ್ವ ಆ ತಂತಿಯನ್ನು ಉಗುರಿನಿಂದ ಕೆರೆದು ನೋಡಿ, ಇದರ ಮೇಲೆ ಬಣ್ಣದ ಲೇಪ ಇದೆ, ತಾಮ್ರ ಒಳಗೆ ಇದೆ ಎಂದಳು. ಚಾಕುವಿನಿಂದ ಶುಂಠಿ ಹೆರೆದಂತೆ ತುದಿಗಳನ್ನು ಹೆರೆದಳು. ಮತ್ತೆ ಚುಚ್ಚಿದಾಗ ಗಡಿಯಾರದ ಮೇಲೆ ಹನ್ನೆರಡು ಗಂಟೆ ಎಂದು ಕರಿಯ ಅಂಕಿ ಮೂಡಿತು, ನಡುವಿನ ಎರಡು ಚುಕ್ಕೆ ಮಿಣಮಿಣ ಎಂದವು. ಪುಸ್ತಕ ಬರೆದವರಿಗೂ ಹೊಳೆಯದ ಮಾತು ಅವ್ವನಿಗೆ ಹೊಳೆದಿತ್ತು. ಇದನ್ನು ಪಲ್ಲವಿಗೆ ತೋರಿಸದಿದ್ದರೆ ನನಗೆ ಉಂಡದ್ದು ಅರಗುವಂತಿರಲಿಲ್ಲ. ಅವರು ಆ ದಿನ ಖಟಕ ಚಿಂಚೋಳಿಗೆ ಮದುವೆಗೆ ಹೋಗಿದ್ದರು. ಬಂದ ಕೂಡಲೇ ಕಾಣಲಿ ಎಂದು, ಅವ್ವನನ್ನು ಕೇಳದೆ, ಆ ಹಣ್ಣು ಮೊಳೆ ತಂತಿಗಳನ್ನು ಗಡಿಯಾರದ ಸಮೇತ ಅವರ ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ಇಟ್ಟುಬಂದೆ.

ಪಲ್ಲವಿ ನೋಡಲಿಲ್ಲ. ಮರುದಿನ ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಬಂದ ಮಂಗಲಾ ನೋಡಿದಳು. ಆಕೆಗೆ ಏಳು ತಿಂಗಳು ನಡೆದಿತ್ತು. ಪಲ್ಲವಿಯ ನಂತರ ಒಂದು ಬಸಿರು ಹೋಗಿ, ಎರಡು ವರ್ಷ ಆಯಿ ಹೇಳಿದ ಹರಕೆಯನ್ನೆಲ್ಲ ಹೊತ್ತು ನಿಂತ ಬಸಿರು ಅದು. ಹೊಸ್ತಿಲ ಪಕ್ಕದಲ್ಲಿ ಮೊಳೆ ಚುಚ್ಚಿದ ಜೋಡಿ ನಿಂಬೆಹಣ್ಣು, ಅದಕ್ಕೆ ಸುತ್ತಿದ ತಂತಿ. ಕೈಯೊಳಗಿನ ಕೊಡ ಬಿಟ್ಟು ಅಲ್ಲೇ ಕುಸಿದಳು. ಅವಳ ಗಂಡ ಅದನ್ನೆಲ್ಲ ಕಸಬರಿಗೆಯಿಂದ ಮೋರಿಗೆ ತಳ್ಳಿದ. ಮಧ್ಯಾಹ್ನ ಮಂಗಲಾಗೆ ಹೊಟ್ಟೆ ನೋವು ಶುರುವಾಯಿತು. ಡಾಕ್ಟರು ನೋಡಿ, ಕೂಸು ಚೆನ್ನಾಗಿದೆ, ಹೆದರಿಕೊಂಡಿದ್ದಾಳೆ, ಮಲಗಲಿ ಎಂದರು. ಡಾಕ್ಟರ ಮಾತು ಮನೆಯೊಳಗೇ ಉಳಿಯಿತು, ನಿಂಬೆಹಣ್ಣಿನ ಸುದ್ದಿ ಓಣಿ ಪೂರ್ತಿ ತಿರುಗಿತು. ಮರುದಿನ ಬಿಸಿಯೂಟಕ್ಕೆ ಗಂಟೆ ಹೊಡೆದಾಗ ಅರ್ಧಕ್ಕರ್ಧ ಮಕ್ಕಳು ಮನೆಯಿಂದ ತಂದ ಡಬ್ಬಿ ಬಿಚ್ಚಿದರು. ಅವ್ವ ಬೋಗುಣಿಯ ಮುಂದೆ ಸೌಟು ಹಿಡಿದು ನಿಂತೇ ಇದ್ದಳು. ಪಲ್ಲವಿ ನನ್ನ ಕಡೆ ನೋಡಲಿಲ್ಲ. ಹೆಡ್ ಮಾಸ್ತರರು ಅವ್ವನನ್ನು ಕರೆದು, ಶನಿವಾರ ಬಂದು ಎಂದಿನಂತೆ ಅಡುಗೆ ಮಾಡು, ಅವತ್ತೇ ಪಾಲಕರನ್ನು ಕೂಡಿಸುತ್ತೇನೆ, ಅವರು ಬೇಡವೆಂದರೆ ನನ್ನ ಕೈಯಲ್ಲಿ ಏನೂ ಇಲ್ಲ, ಅಲ್ಲಿಯವರೆಗೆ ಮನೆಯಲ್ಲಿರು ಎಂದರು.

ಆ ದಿನ ಮನೆಗೆ ಬಂದು, ಗೂಡಿನಲ್ಲಿ ಇಟ್ಟವಳು ನಾನೇ ಎಂದು ಅವ್ವನಿಗೆ ಹೇಳಿದೆ. ಹೊಡೆಯುತ್ತಾಳೆಂದು ಕೆನ್ನೆ ಬಿಗಿಹಿಡಿದು ನಿಂತಿದ್ದೆ.

"ಯಾಕ ಇಟ್ಟಿ?"

"ಪಲ್ಲವಿಗಿ ತೋರ್ಸಲಕ."

"ತೋರ್ಸೋದು ತಪ್ಪಲ್ಲ. ಹೇಳದ ಇಟ್ಟಿದ್ದು ತಪ್ಪು," ಎಂದಳು. ಆಮೇಲೆ ಮೋರಿಗೆ ಕೈ ಹಾಕಿ ಆ ಗಡಿಯಾರ, ಮೊಳೆ, ತಂತಿ ಹುಡುಕಿ ತೆಗೆದು, ಸೆರಗಿನಿಂದ ಒರೆಸಿ ಒಳಗಿಟ್ಟಳು.

ಆಯಿ ಮಾರನೇ ದಿನ ನಮ್ಮ ಬಾಗಿಲಿಗೆ ಬಂದಳು. ಕೂಗಾಡುವುದಕ್ಕಲ್ಲ. ಆ ನಾಲ್ಕು ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಆಕೆಯ ಮೆತ್ತಗಿನ ದನಿ.

"ನಾ ಜಗಳಾ ಮಾಡ್ಲಕ ಬಂದಿಲ್ಲ ಕಮಲಾ. ಒಂದ್ ನಿಂಬಿಕಾಯಿ ತಗೊಂಡು ಮಂಗಲಾಗ ಇಳಿಸಿ ಒಗದುಬಿಡು. ಹಾಕ್ದೋರೇ ತೆಗೀಬೇಕಂತ ಹಿರ್ಯಾರು ಹೇಳ್ಯಾರ. ಅಷ್ಟು ಮಾಡು, ಶನಿವಾರ ಸಾಲ್ಯಾಗ ನಿನ್ನ ಕಡಿಂದ ನಾನೇ ಮಾತಾಡ್ತೇನಿ."

"ಹಾಕಿದ್ರ ತೆಗೀತಿದ್ದೆರಿ ಆಯಿ. ಹಾಕೇ ಇಲ್ಲ, ಯಾನ್ ತೆಗೀಲಿ?"

ಆಯಿ ಒಂದು ನಿಟ್ಟುಸಿರು ಬಿಟ್ಟು ಹೋದಳು. ಅಪ್ಪ ಔರಾದದ ಬಸ್ಸಿನಲ್ಲಿ ಡ್ಯೂಟಿ ಮಾಡಿ ದಿನ ಬಿಟ್ಟು ದಿನ ಮನೆಗೆ ಬರುತ್ತಿದ್ದ. ಅವತ್ತು ಬಂದವನು ಟಿಕೆಟ್ ಪೆಟ್ಟಿಗೆ ಇಳಿಸುವ ಮೊದಲೇ ಎಲ್ಲ ಕೇಳಿಕೊಂಡಿದ್ದ. ನನ್ನ ಅಪ್ಪ ಯಾರ ಜೊತೆಗೂ ದನಿ ಎತ್ತದವನು, ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ಮಾಡುವವರನ್ನೂ ಅಕ್ಕಾ ಅಣ್ಣಾ ಎಂದೇ ಸಮಾಧಾನ ಮಾಡುವವನು. ಒಂದು ಹಣ್ಣು ನಿವಾಳಿಸಿ ಇಳಿಸಿದರೆ ನಮ್ಮ ಗಂಟೇನು ಹೋಗುತ್ತದೆ, ಅವರ ಮನಸ್ಸಿಗೆ ಸಮಾಧಾನ, ನಿನ್ನ ಕೆಲಸ ಉಳಿಯುತ್ತದೆ ಎಂದ. ಅದೂ ಬೇಡವೆಂದರೆ ಔರಾದದಲ್ಲೇ ಮನೆ ಮಾಡೋಣ, ಅಲ್ಲಿ ಯಾರಿಗೂ ಗೊತ್ತಿಲ್ಲ ಎಂದ. ಅವ್ವ ಒಲೆಯ ಮುಂದಿನಿಂದ ಎದ್ದು ನಿಂತಳು.

"ಇವತ್ತು ಇಳಿಸಿದ್ರ ನಾಳಿ ಓಣ್ಯಾಗ ಯಾವ ಕೂಸು ಕೆಮ್ಮಿದ್ರೂ ನನ್ನ ಬಾಗಲಿಗೇ ಬರ್ತಾರ. ಔರಾದಕ್ಕ ಹೋದ್ರ ಸುದ್ದಿನೂ ಹಿಂದ್ಹಿಂದೇ ಬರ್ತಾದ. ನಿಮ್ಮ ಬಸ್ಸಿನಾಗೇ ಬರ್ತಾದ, ನೀವೇ ಅದಕ್ಕ ಟಿಕೀಟು ಹರದು ಕೊಡ್ತೀರಿ."

ಅಪ್ಪನಿಗೆ ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ. ಇಬ್ಬರೂ ಆ ಮಧ್ಯಾಹ್ನ ಉಣ್ಣಲಿಲ್ಲ. ನಾನು ಉಂಡೆ, ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಮಧ್ಯಾಹ್ನ ಆಯಿ ಮಲಗಿದ್ದಾಗ ಮಂಗಲಾ ನಮ್ಮ ಹೊಸ್ತಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ಹತ್ತನೆಯವರೆಗೆ ಓದಿದವಳು, ಮಾತು ಕಡಿಮೆ. ಸೆರಗಿನೊಳಗೆ ಎರಡು ನಿಂಬೆಹಣ್ಣಿದ್ದವು. ಅವರ ಮನೆಯವು. ಅದು ಮಂತ್ರ ಇಲ್ಲದೆ ನಡೆಯುತ್ತದೆಯೇ ಎಂದು ಕೇಳಿದಳು. ಅವ್ವ ಗಡಿಯಾರ, ಮೊಳೆ, ತಂತಿ, ಚಾಕು ಎಲ್ಲ ತಂದು ಅವಳ ಮುಂದಿಟ್ಟಳು. "ನೀನೇ ಮಾಡಿ ನೋಡು, ಸುಜಿ ಓದ್ತಾಳ," ಎಂದು ಹೇಳಿ, ತಾನು ಚೊಂಬಿನಿಂದ ಬಾಯಿತುಂಬ ನೀರು ತುಂಬಿಕೊಂಡು ದೂರದ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಬಾಯಲ್ಲಿ ನೀರಿದ್ದರೆ ಮಂತ್ರ ಗೊಣಗಲು ಆಗುವುದಿಲ್ಲ. ಇದು ಯಾವ ಪುಸ್ತಕದ ಚೌಕದಲ್ಲೂ ಇರಲಿಲ್ಲ, ಅವ್ವನದೇ ಬುದ್ಧಿ. ನಾನು ಒಂದೊಂದೇ ಸಾಲು ಓದಿದೆ. ಮಂಗಲಾ ತಂತಿ ಹೆರೆದಳು. ಮೊಳೆ ಚುಚ್ಚುವ ಮುನ್ನ ಕಣ್ಣು ಮುಚ್ಚಿಕೊಂಡಳು. ಒಂದು ತಪ್ಪಾಯಿತು, ತಿರುವಿ ಹಚ್ಚಿದಳು. ಗಡಿಯಾರಕ್ಕೆ ಹನ್ನೆರಡು ಗಂಟೆಯಾಯಿತು. ಮಂಗಲಾ ಒಂದು ಕೈಯಿಂದ ತಂತಿ ಹಿಡಿದು ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಕ್ಕೇಬಿಟ್ಟಳು. ಅವ್ವನೂ ನಕ್ಕಳು, ಬಾಯೊಳಗಿನ ನೀರೆಲ್ಲ ನೆಲದ ಪಾಲಾಯಿತು. ತಂತಿ ಬಿಡುವುದು, ಹಚ್ಚುವುದು, ಹೀಗೆ ಮಂಗಲಾ ಎಷ್ಟು ಸಲ ಮಾಡಿದಳೋ. ಪ್ರತಿ ಸಲವೂ ಹನ್ನೆರಡು ಗಂಟೆ. ನನ್ನ ಮನೆಯ ಹಣ್ಣು, ನನ್ನ ಕೈ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಯಿ ಎದ್ದ ಸಪ್ಪಳವಾದಾಗ ಎದ್ದು ಹೋದಳು.

ಶನಿವಾರ ನಿಂಬೆಹಣ್ಣೇ ಗೆದ್ದಿತು ಎಂದು ಬರೆಯಲು ನನಗೆ ಬಹಳ ಆಸೆ. ಗೆಲ್ಲಲಿಲ್ಲ. ಅವ್ವ ನಸುಕಿನಲ್ಲೇ ಹೋಗಿ ಅನ್ನ, ಸಾರು ಮಾಡಿ ಇಳಿಸಿದ್ದಳು. ಪಾಲಕರು ಶಾಲೆಯ ಪಡಸಾಲೆಯಲ್ಲಿ ಕುಳಿತಿದ್ದರು, ಮಕ್ಕಳು ತಾಟು ಹಿಡಿದು ಅಂಗಳದಲ್ಲಿ. ಹೆಡ್ ಮಾಸ್ತರರು ಅವ್ವ ತಂದುಕೊಟ್ಟ ಹಣ್ಣು, ಮೊಳೆ, ತಂತಿ ಮೇಜಿನ ಮೇಲೆ ಇಟ್ಟು, ಎಲ್ಲರೆದುರು ಗಡಿಯಾರ ನಡೆಸಿ ತೋರಿಸಿದರು. ಆಮ್ಲ, ಲೋಹ ಎಂದೆಲ್ಲ ಹೇಳಿದರು. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಹಿಂದೆ ಕುಳಿತಿದ್ದ ಒಬ್ಬ ಮುದುಕರು ತಲೆ ಆಡಿಸಿದರು.

"ಖರೇ ಅದರಿ ಸರ. ನಿಂಬಿಕಾಯಾಗ ಶಕ್ತಿ ಅದ ಅಂತ ನಾವ್ ಹೇಳೋದೂ ಅದೇ ಅಲ್ಲೇನ್ರಿ?"

ಹೌದು ಹೌದು ಎಂದರು ಸುತ್ತಲಿನವರು. ಮಾಸ್ತರರ ಮುಖ ಇಂಗು ತಿಂದ ಮಂಗನಂತಾಯಿತು. ಅಡುಗೆಗೆ ಬೇರೆಯವರನ್ನು ನೋಡೋಣ ಎಂದು ಯಾರೋ ಹೇಳಿದರು, ಯಾರೂ ಬೇಡವೆನ್ನಲಿಲ್ಲ. ಆಯಿ ನೆಲ ನೋಡುತ್ತಿದ್ದಳು. ಅವ್ವ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲಾಗದೆ ನಾನು ನನ್ನ ತಾಟಿನಲ್ಲಿ ಮುಖ ಹುದುಗಿಸಿದೆ. ಆಗ ಹೆಂಗಸರ ನಡುವಿನಿಂದ ಮಂಗಲಾ ಗೋಡೆ ಹಿಡಿದುಕೊಂಡು ಎದ್ದಳು.

"ಅತ್ತಿ, ನನಗ ಬಯಕಿ ಆಗ್ಯಾದ. ಕಮಲಕ್ಕನ ಕೈಯಾನ್ ಅನ್ನಾ ಸಾರು ಉಣ್ಣಬೇಕಂತ ಮೂರು ದಿನದಿಂದ ಜೀವಾ ಹೊಯ್ಕೊಳ್ಳಾಕತ್ತದ."

ಬಸುರಿಯ ಬಯಕೆಗೆ ಇಲ್ಲ ಎಂದವರು ನಮ್ಮ ಕಡೆ ಇಲ್ಲ. ತೀರದ ಬಯಕೆ ಕೂಸಿಗೆ ಹತ್ತುತ್ತದೆ ಎಂದು ಊರ ಬಸುರಿಯರಿಗೆಲ್ಲ ಕೇಳಿ ಕೇಳಿ ಮಾಡಿ ಬಡಿಸಿದವಳು ಆಯಿಯೇ. ಭಾನಾಮತಿ ನಂಬಿದ ಬಾಯಿಂದಲೇ ಬಯಕೆ ಸುಳ್ಳು ಎನ್ನುವುದು ಹೇಗೆ? ಆಯಿ ಸೊಸೆಯ ಮುಖ ನೋಡಿದಳು, ಹೊಟ್ಟೆ ನೋಡಿದಳು. ಮಂಗಲಾ ಯಾರ ಉತ್ತರಕ್ಕೂ ಕಾಯದೆ ಅಂಗಳಕ್ಕೆ ಇಳಿದು, ನನ್ನ ಕೈಯಿಂದ ತಾಟು ಇಸಿದುಕೊಂಡು, ಮಕ್ಕಳ ಸಾಲಿನಲ್ಲಿ ಕಷ್ಟಪಟ್ಟು ಕುಳಿತಳು.

ಅವ್ವ ಬಡಿಸಿದಳು. ಸೌಟು ತಾಟಿಗೆ ಬಡಿದು ಸಪ್ಪಳವಾಗುತ್ತಿತ್ತು. ಮಂಗಲಾ ಕಲಿಸಿ ತುತ್ತು ಬಾಯಿಗಿಟ್ಟಳು. ಒಂದು ಗಳಿಗೆ ಹಾಗೇ ಹಿಡಿದುಕೊಂಡು ನುಂಗಿದಳು. ಇನ್ನೊಂದು ತುತ್ತು, ಮತ್ತೊಂದು. ತಾಟು ಬರಿದಾಯಿತು. ಭಾಳ ರುಚಿ ಆಗ್ಯಾದ ಅಕ್ಕಾ, ಇನ್ನಷ್ಟು ಹಾಕ್ರಿ ಎಂದಳು. ಅವ್ವ ಮತ್ತೆ ಹಾಕಿದಳು. ಆಯಿ ಮೆಟ್ಟಿಲಿಳಿದು ಬಂದು ಸೊಸೆಯ ನೆತ್ತಿಯ ಮೇಲೇ ನಿಂತಿದ್ದಳು, ಪ್ರತಿ ತುತ್ತು ಗಂಟಲಲ್ಲಿ ಇಳಿಯುವುದನ್ನು ನೋಡುತ್ತ. ಕೊನೆಗೆ ತಡೆಯಲಾರದೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಸೊಸೆಯ ತಾಟಿನಿಂದ ಒಂದು ತುತ್ತು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಏನಾದರೂ ಆಗುವುದಿದ್ದರೆ ತನಗೂ ಆಗಲಿ ಎಂದು ಹಾಕಿಕೊಂಡಳೋ ಏನೋ. ಆಯಿ ಅಗಿದಳು. ಅಗಿಯುವುದನ್ನು ನಿಲ್ಲಿಸಿ ಮಂಗಲಾನ ಮುಖ ನೋಡಿದಳು. ಎರಡು ಸಲ ಹಾಕಿಸಿಕೊಂಡು ಉಂಡವಳ ಮುಖ. ಆಮೇಲೆ ತಲೆ ಎತ್ತಿ ಅವ್ವನನ್ನು ನೋಡಿದಳು.

"ಕಮಲಾ, ಇದಕ್ಕ ಉಪ್ಪೇ ಹಾಕಿಲ್ಲಲ್ಲೇ ನೀ."

ನಾಲ್ಕು ದಿನಗಳಿಂದ ಒಲೆಯ ಮುಂದೆ ಏನು ಮಾಡುತ್ತಿದ್ದೇನೆಂಬ ಎಚ್ಚರವೇ ಇರಲಿಲ್ಲ ಅವ್ವನಿಗೆ. ಕೈಯಲ್ಲಿ ಸೌಟು ಹಿಡಿದುಕೊಂಡೇ ಅಲ್ಲೇ ಕುಳಿತು ಅಳತೊಡಗಿದಳು. ಆಯಿ ಮೊಣಕಾಲಿಗೆ ಕೈಯೂರಿ ಎದ್ದಳು. ಹುಡುಗರನ್ನು ಸರಿಸಿಕೊಂಡು ಅಡುಗೆಕೋಣೆಯೊಳಗೆ ಹೋಗಿ, ಡಬ್ಬಿಗಳನ್ನು ತಡಕಾಡಿ, ಮುಷ್ಟಿ ತುಂಬ ಉಪ್ಪು ತಂದು ತಾನೇ ಸಾರಿನ ಬೋಗುಣಿಗೆ ಹಾಕಿ ತಿರುವಿದಳು. ಆಮೇಲೆ ಪಲ್ಲವಿಯ ಕಡೆ ತಿರುಗಿ, ಅಲ್ಲೇನು ನಿಂತಿ, ತಾಟು ತಗೊಂಡು ಬಾ ಎಂದು ಗದರಿದಳು.